ಸುಣ್ಣ ಹಚ್ಚದ ಗೋಡೆ

ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಬಲಗಡೆಯ ಗೋಡೆಗೆ ಅವ್ವ ಹದಿನೈದು ವರ್ಷ ಸುಣ್ಣ ಹಚ್ಚಲಿಲ್ಲ. ದೀಪಾವಳಿ ಬಂದಾಗಲೆಲ್ಲ ಉಳಿದ ಮೂರು ಗೋಡೆಗಳು ಬೆಳ್ಳಗಾಗುತ್ತಿದ್ದವು. ಇದೊಂದು ಮಾತ್ರ ಹೊಗೆ ಹಿಡಿಯುತ್ತ, ಹಳದಿಗಟ್ಟುತ್ತ ಹೋಯಿತು. ಬಂದವರು ಗೋಡೆಯನ್ನೂ ಅಪ್ಪನ ಮುಖವನ್ನೂ ನೋಡಿದರೆ ಅಪ್ಪ, "ನಮ್ಮ ಮಂದ್ಯಾಗ ಸೂತಕ ಅನ್ನೂದ ಇಲ್ರಿ. ಆದ್ರ ಇಕೀಗಿ ಹೇಳೋರ್ಯಾರು?" ಅನ್ನುತ್ತಿದ್ದ. ಅವ್ವ ಒಳಗಿನಿಂದ ಕೇಳಿಸಿಕೊಂಡೂ ಸುಮ್ಮನಿರುತ್ತಿದ್ದಳು. ಅವಳು ಸುಮ್ಮನಾದರೆ ಮಾತು ಮುಗಿದಂತೆಯೇ.

ಆ ಗೋಡೆಯ ಮೇಲೆ ನಮ್ಮಕ್ಕ ಬರೆದ ಬಸ್ಸಿತ್ತು.

ನಮ್ಮ ಓಣಿಯಲ್ಲಿ ಹಬ್ಬಕ್ಕೆ ಗೋಡೆಗೆ ಸುಣ್ಣ ಹಚ್ಚಿ, ಕೆಳಗೆ ಕಾರಣಿ ಎಂಬ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ಹೆಣ್ಣುಮಕ್ಕಳ ಕೆಲಸ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟಿದ್ದಳು. ಆ ಸಲ ಕಾರಣಿ ಮುಗಿದ ಮೇಲೆ ಕೆಮ್ಮಣ್ಣು ಉಳಿಯಿತು. ಚೆಲ್ಲುವುದು ಯಾಕೆ ಎಂದು ಗೋಡೆಯ ನಡುವೆ ಒಂದು ಬಸ್ಸು ಬರೆದಳು. ಅವ್ವನ ತವರು ಜೇವರ್ಗಿ ಕಡೆಯ ನೆಲೋಗಿ. ಅಲ್ಲಿಗೆ ಹೋಗುವ ಬಸ್ಸಂತೆ ಅದು. ಎರಡು ಗಾಲಿ, ಮೇಲೆ ಗಂಟುಮೂಟೆ, ಏಳು ಕಿಟಕಿ, ಕಿಟಕಿಗೊಂದು ದುಂಡು ಮುಖ. ಡ್ರೈವರನಿಗೆ ಮೀಸೆ ಬರೆಯಲು ಬಾರದೆ ಅವನನ್ನೇ ಬಿಟ್ಟುಬಿಟ್ಟಳು. ಹೀಗಾಗಿ ಆ ಬಸ್ಸು ಡ್ರೈವರ್ ಇಲ್ಲದೆಯೇ ನಮ್ಮ ಪಡಸಾಲೆಯಲ್ಲಿ ಇಷ್ಟು ವರ್ಷ ನಿಂತಿತ್ತು.

ಕಣ್ಣು ಇಡುವ ಕೆಲಸ ನನ್ನದು. ಕಂದೀಲಿನ ಗಾಜಿನ ಮಸಿಯನ್ನು ಕೆರೆದು, ಕುಸುಬಿ ಎಣ್ಣೆಯಲ್ಲಿ ಕಲಸಿ, ಕಿರುಬೆರಳು ಅದ್ದಿ ಒತ್ತಬೇಕು. ನನಗಾಗ ಎಂಟೋ ಒಂಬತ್ತೋ. ಅಕ್ಕ ನನ್ನನ್ನು ಸೊಂಟ ಹಿಡಿದು ಎತ್ತಿದಳು. "ಮೊದಲನೇ ಕಿಡಕಿ ನಂದು. ಜರಾ ಚಂದ ಇಡು," ಅಂದಳು. ನಾನು ಚಂದ ಇಡಲು ಹೋಗಿ ಒಂದನ್ನು ಜೋರಾಗಿ ಒತ್ತಿದೆ. ಅದು ಗೋಲಿಯಷ್ಟಾಯಿತು, ಇನ್ನೊಂದು ಸಾಸಿವೆಯಷ್ಟಾಯಿತು. "ಹಿಂಗ್ಯಾಕ ಮಾಡಿದಿ ಬೇ ನನ್ನ ಕಣ್ಣ?" ಎಂದು ಅವಳು ನಕ್ಕಾಗ ನನ್ನ ಕಾಲು ಗಾಳಿಯಲ್ಲೇ ಇದ್ದವು.

ಮುಂದಿನ ವರ್ಷ ಅವಳನ್ನು ಅಫಜಲಪುರ ತಾಲೂಕಿನ ಕರಜಗಿಗೆ ಕೊಟ್ಟರು. ಹೊಲಕ್ಕೆ ನೀರಿರುವ, ಕಬ್ಬು ಬೆಳೆಯುವ ಊರು. ಮಗಳು ಕೊಡ ಹೊತ್ತು ದೂರ ಹೋಗಬೇಕಾಗಿಲ್ಲ ಎಂದು ಅವ್ವ ಹಿಗ್ಗಿದ್ದಳು. ಆಳಂದದಲ್ಲಿ ಬಾವಿಗೆ ದಿನಕ್ಕೆ ನಾಲ್ಕು ಖೇಪು ಅಕ್ಕನೇ ಹೋಗುತ್ತಿದ್ದಳು. ನನ್ನ ಸಾಲಿಯೂ ಅದೇ ದಾರಿಯಲ್ಲಿತ್ತು. ಬೆಳಗಿನ ಖೇಪಿಗೆ ಅವಳ ಹಿಂದೆ ಹಿಂದೆಯೇ ನಾನು ಪಾಟೀಚೀಲ ಹಾಕಿಕೊಂಡು ನಡೆಯುತ್ತಿದ್ದೆ.

ಅವಳಿಲ್ಲದ ಮೊದಲ ದೀಪಾವಳಿಗೆ, ಮಗಳು ಬರೆದದ್ದು ಇರಲಿ ಎಂದು ಅವ್ವ ಬಸ್ಸಿನ ಗೋಡೆಗೆ ಸುಣ್ಣ ಮುಟ್ಟಿಸಲಿಲ್ಲ. ಮದುವೆಯಾಗಿ ಒಂದೂವರೆ ವರ್ಷಕ್ಕೆ ಮೊದಲ ಹೆರಿಗೆಯಲ್ಲಿ ಅಕ್ಕ ಹೋದಳು. ಕೂಸೂ ಉಳಿಯಲಿಲ್ಲ. ನಾವು ಕರಜಗಿ ಮುಟ್ಟುವ ಹೊತ್ತಿಗೆ ಅವಳನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆತುಂಬ ವಿಭೂತಿ ಬಳಿದು, ಹೂವು ಹಾಕಿ, ಕೂಡಿಸುತ್ತಾರೆ. ಮಣ್ಣು ಕೊಡುವುದೂ ಕೂತ ಹಾಗೆಯೇ. ಅಫಜಲಪುರದಿಂದ ಬಂದಿದ್ದ ಫೋಟೋದವನು ಎಲ್ಲರನ್ನೂ ಬಾಜೂಕ್ಕೆ ಸರಿಸಿ, ಅವಳ ಒಂದು ಫೋಟೋ ತೆಗೆದ. ತಿಂಗಳೊಪ್ಪತ್ತಿನ ಮೇಲೆ ಅದು ಚೌಕಟ್ಟು ಹಾಕಿಸಿಕೊಂಡು ನಮ್ಮ ಮನೆಗೆ ಬಂತು. ಮದುವೆಯಲ್ಲಿ ತೆಗೆಸಿದ್ದ ಇನ್ನೊಂದು ಫೋಟೋ ಇತ್ತಾದರೂ ಅದರಲ್ಲಿ ಅಕ್ಕ ಬಾಸಿಂಗ ಕಟ್ಟಿಕೊಂಡು, ರೀತಿಯ ಪ್ರಕಾರ ತಲೆ ಬಗ್ಗಿಸಿ ನಿಂತಿದ್ದಳು. ಅದರಲ್ಲೂ ಕಣ್ಣು ಕಾಣುತ್ತಿರಲಿಲ್ಲ, ಇದರಲ್ಲೂ ಇಲ್ಲ. ಅವಳ ಫೋಟೋ ಅಂತ ಇದ್ದವು ಅವೆರಡೇ.

ಆ ದೀಪಾವಳಿಗೆ ಅವ್ವ ಮನೆಗೆ ಸುಣ್ಣವನ್ನೇ ಹಚ್ಚಲಿಲ್ಲ. ಸಾವಾದ ಮನೆಗೆ ಆ ವರ್ಷ ಯಾರೂ ಹಚ್ಚುವುದಿಲ್ಲ, ಅದು ಇಡೀ ಊರಿನ ರೂಢಿ, ನಮ್ಮವರು ಬಾಯಲ್ಲಿ ಏನೇ ಹೇಳಲಿ. ಮರುವರ್ಷ ಹಚ್ಚಿದಳು, ಆ ಒಂದು ಗೋಡೆ ಬಿಟ್ಟು.

ನನ್ನನ್ನು ಚಿತ್ರಕಲೆ ಕಲಿಯಲು ಕಳಿಸಿದ್ದು ಅವ್ವನ ಹಟ. ಅಪ್ಪ ಬೇಳೆ ಮಿಲ್ಲಿನಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದ. ಅವನಿಗೆ ಹೆಣ್ಣುಮಗಳು ಗುಲ್ಬರ್ಗಾಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಗೊಂಬೆ ಬರೆಯುವುದು ಅಂದರೆ ನಗೆ. ಅವ್ವ ಮಾತ್ರ ನನ್ನ ಬುತ್ತಿ ಕಟ್ಟುತ್ತ ಒಂದು ದಿನ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟಳು. "ಕಲ್ತು ಬಾ. ನಿಮ್ಮಕ್ಕಂದೊಂದು ಕಣ್ ತೆರದಿದ್ದು ಚಿತ್ರ ಬರದು ಕೊಡು. ಆ ಫೋಟೋ ನೋಡಾಕ ಆಗವಲ್ದು ನನಗ." ಇದನ್ನು ಅವಳು ರೊಟ್ಟಿ ಸುತ್ತುವಾಗ ಹೇಳಿದಳು. ನಾನು "ಹೂಂ" ಅಂದೆ. ಹೂಂ ಅನ್ನುವುದು ಬಹಳ ಸುಲಭ.

ಕಲಿಯುತ್ತಿರುವಾಗಲೇ ನನಗೊಂದು ವಿಚಿತ್ರ ಕೆಲಸ ಸಿಕ್ಕಿತು. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಕಾಕಾನ ಫೋಟೋ ಸ್ಟುಡಿಯೋ ಇತ್ತು. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದೆ ಸತ್ತವರ ಮನೆಯವರು, ಕೂಡಿಸಿ ತೆಗೆದ ಆ ಒಂದೇ ಫೋಟೋ ಹಿಡಿದು ಅವನಲ್ಲಿ ಬರುತ್ತಿದ್ದರು. ಕಾಕಾ ಅದನ್ನು ದೊಡ್ಡದು ಮಾಡಿ ನನ್ನ ಮುಂದಿಡುತ್ತಿದ್ದ. "ತಂಗಿ, ಇವರದೊಂದಿಷ್ಟು ಕಣ್ ತೆರಸು." ಸಣ್ಣ ಕುಂಚದಿಂದ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯಬೇಕು. ಬರೆದಾದ ಮೇಲೆ ಬ್ಲೇಡಿನ ಮೂಲೆಯಿಂದ ಕರಿ ಗುಡ್ಡೆಯಲ್ಲಿ ಚೂರೇ ಚೂರು ಕೆರೆಯಬೇಕು, ಬಿಳಿ ಕಾಣುವ ಹಾಗೆ. "ಆ ಬಿಳೇ ಚುಕ್ಕಿ ಮರೀಬ್ಯಾಡ," ಅನ್ನುತ್ತಿದ್ದ ಕಾಕಾ. "ಅದಿಲ್ಲಂದ್ರ ಕಣ್ ತೆರದ್ರೂ ಸತ್ತಾಂಗs ಕಾಣ್ತಾರ."

ಸತ್ತವರ ಕಣ್ಣು ಹೇಗಿದ್ದವು ಎಂದು ನನಗೇನು ಗೊತ್ತು? ಅದಕ್ಕೆ ನಾನೇ ಒಂದು ಉಪಾಯ ಹುಡುಕಿದ್ದೆ. ಮಕ್ಕಳೊಳಗೆ ಯಾರ ಕಣ್ಣು ಅವರಂತಿವೆ ಎಂದು ಕೇಳುವುದು, ಆ ಮಗನನ್ನೋ ಮಗಳನ್ನೋ ಮುಂದೆ ಕೂಡಿಸಿಕೊಂಡು ನೋಡಿ ಬರೆಯುವುದು. ಒಮ್ಮೆ ಇಬ್ಬರು ಅಣ್ಣತಮ್ಮಂದಿರು ಅಪ್ಪನ ಕಣ್ಣು ನನಗೆ ಬಂದಿವೆ, ನನಗೆ ಬಂದಿವೆ ಎಂದು ಸ್ಟುಡಿಯೋದಲ್ಲೇ ಜಗಳಕ್ಕೆ ನಿಂತರು. ನಾನು ಬೇಸತ್ತು ಎಡಗಣ್ಣು ಅಣ್ಣನದು, ಬಲಗಣ್ಣು ತಮ್ಮನದು ಬರೆದು ಕೊಟ್ಟೆ. ಇಬ್ಬರೂ ನೋಡಿ, "ಅಗದಿ ಅಪ್ಪನ ನೋಡಿದಂಗs ಆತು," ಎಂದು ಕಣ್ಣೊರೆಸಿಕೊಂಡು ಹೋದರು. ಅವರು ಹೋದ ಮೇಲೆ ಕಾಕಾನೂ ನಾನೂ ನಕ್ಕೆವು. ಆಮೇಲೆ ನನಗೆ ಹೇಸಿಕೆಯಾಯಿತು. ಎಲ್ಲರೂ ಹಾಗೇ ಅನ್ನುತ್ತಿದ್ದರು, ನಾನು ಏನೇ ಬರೆದರೂ. ಕರಜಗಿ, ಯಡ್ರಾಮಿ ಕಡೆಯಿಂದಲೂ ಫೋಟೋಗಳು ಬರತೊಡಗಿದವು. ಮೂರು ತಾಲೂಕಿನ ಸತ್ತವರು ನನ್ನ ಸುಳ್ಳು ಕಣ್ಣುಗಳಿಂದ ತಮ್ಮ ತಮ್ಮ ಪಡಸಾಲೆಗಳನ್ನು ನೋಡುತ್ತಿದ್ದರು.

"ಊರಿಗಿ ಉಪಕಾರಿ, ಮನಿಗಿ ಮಾರಿ," ಅಂದಳು ಅವ್ವ. "ಎಲ್ಲಾರ್ದೂ ತೆರಸಾಕತ್ತಿ. ನಿಮ್ಮಕ್ಕಂದು ಯಾವಾಗ?"

ಮುಂದೂಡಿದೆ. ಪರೀಕ್ಷೆ ಅಂದೆ, ಕಾಗದ ಸರಿಯಿಲ್ಲ ಅಂದೆ. ಖರೇ ಹೇಳಬೇಕೆಂದರೆ ನನಗೆ ಅಕ್ಕನ ಕಣ್ಣು ನೆನಪಿರಲಿಲ್ಲ. ಕೆಮ್ಮಣ್ಣು ಹಿಡಿದ ಉಗುರು ನೆನಪಿತ್ತು, ಅವಳ ಬಳೆಯ ಸಪ್ಪಳ ನೆನಪಿತ್ತು, ಮುಖ ಅಂದರೆ ಮಾತ್ರ ಫೋಟೋದಲ್ಲಿರುವ ಆ ಮುಖವೇ ಮುಂದೆ ಬರುತ್ತಿತ್ತು. ಹತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳ ಕಣ್ಣು ನೆನಪಿಲ್ಲ ಎಂದು ಹೆತ್ತವ್ವನ ಮುಂದೆ ಹೇಗೆ ಹೇಳುವುದು? ಕಡೆಗೊಂದು ರವಿವಾರ ಕನ್ನಡಿ ತಂದು ಮುಂದಿಟ್ಟುಕೊಂಡೆ. ಬೇರೆಯವರಿಗೆ ಮಾಡಿದ ಉಪಾಯವನ್ನೇ ಮನೆಯಲ್ಲೂ ಮಾಡಿದೆ. ಮುಖ ಫೋಟೋದಿಂದ, ಕಣ್ಣು ನನ್ನವು. ಬ್ಲೇಡಿನಿಂದ ಬಿಳಿ ಚುಕ್ಕೆಯನ್ನೂ ಕೆರೆದೆ.

ಅವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇವು ನಿನ್ನ ಕಣ್ಣು," ಅಂದಳು. "ಅಕಿ ಕಣ್ಣಾಗ ಇಷ್ಟು ಸಿಟ್ಟು ಇರಲಿಲ್ಲ."

ಸಿಟ್ಟು ಇದೆಯೆಂದ ಮೇಲೆ ಅದು ಬರದೆ ಇರುತ್ತದೆಯೇ? "ಹಂಗಾದ್ರ ಹೆಂಗಿದ್ವು, ನೀನs ಹೇಳು," ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ. ಅವ್ವ ಬಾಯಿ ತೆರೆದಳು. ಏನೋ ಹೇಳಲು ಕೈ ಎತ್ತಿದಳು. ಕೈ ಅಲ್ಲೇ ನಿಂತಿತು. ಅವಳಿಗೂ ಹೇಳಲು ಬರಲಿಲ್ಲ. ಆ ಹೊತ್ತಿನ ಅವ್ವನ ಮುಖವನ್ನು ಬರೆ ಅಂದರೆ ನಾನು ಈಗಲೂ ಒಂದು ಗೆರೆ ತಪ್ಪದೆ ಬರೆದೇನು. ಚಿತ್ರವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ಮತ್ತೆ ಎಂದೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಕೋರ್ಸಿನ ಕೊನೆಯ ವರ್ಷ. ಅಕ್ಷರ ಕಲಿಸುವ ಪ್ರಚಾರ ಜೋರಾಗಿದ್ದ ಕಾಲ. ನಮ್ಮ ಮಾಸ್ತರರು ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಜೇವರ್ಗಿಗೆ ಹೋದರು, ಬಸ್ಸಿನ ದಾರಿಗೆ ಮುಖ ಮಾಡಿದ ಒಂದು ಹೆಣ್ಣುಮಕ್ಕಳ ಸಾಲಿಯ ಉದ್ದನೆಯ ಗೋಡೆಗೆ ಚಿತ್ರ ಬರೆಯಲು. ನಾನು, ಯಡ್ರಾಮಿಯ ಒಬ್ಬ ಉದ್ದನೆಯ ಹುಡುಗ, ಅಫಜಲಪುರದ ಇನ್ನೊಬ್ಬ. ಹತ್ತು ದಿನದ ಕೆಲಸ. ಭೀಮೆಯ ಸೇತುವೆ ದಾಟಿದ ಕೂಡಲೇ ಬಿಸಿಲು ಬೇರೆಯೇ ಆಗುತ್ತಿತ್ತು. ಹತ್ತು ಗಂಟೆಗೆಲ್ಲ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು, ಬಣ್ಣ ಕುಂಚದಲ್ಲೇ ಒಣಗುತ್ತಿತ್ತು.

ನೀಲಿ ಹಚ್ಚಿದ ದಾರವನ್ನು ಬಿಗಿಹಿಡಿದು ಮಿಡಿದು ಗೋಡೆಯ ಮೇಲೆ ಚೌಕ ಹೊಡೆದೆವು. ಮಾಸ್ತರರದು ಒಂದು ಕಟ್ಟುನಿಟ್ಟು. ಯಾರೂ ತಮ್ಮ ಚಿತ್ರವನ್ನು ತಾವೇ ಮುಗಿಸುವಂತಿಲ್ಲ. ಒಬ್ಬರು ಗೆರೆ ಎಳೆದರೆ ಇನ್ನೊಬ್ಬರು ಬಣ್ಣ ತುಂಬಬೇಕು, ಮೂರನೆಯವರು ಉಳಿದದ್ದು ಮಾಡಬೇಕು. "ಇದು ಯಾರ ಕೈ ಅಂತ ಗೊತ್ತಾದ್ರ ಆ ಕೈ ಮ್ಯಾಲ ಹೊಡೀತೇನಿ," ಅನ್ನುತ್ತಿದ್ದರು. ನನಗೆ ಇದು ಚೂರೂ ಸೇರುತ್ತಿರಲಿಲ್ಲ. ನಾನು ಬರೆದ ಮುಖಕ್ಕೆ ಅಫಜಲಪುರದವನು ಬದನೆಕಾಯಿ ಬಣ್ಣ ಬಳಿದರೆ ಮೈಯೆಲ್ಲ ಉರಿಯುತ್ತಿತ್ತು. ಮೂವರೂ ದಿನಾ ಜಗಳಾಡಿದೆವು, ಒಂದೇ ಡಬ್ಬಿಯ ಬುತ್ತಿ ಉಂಡೆವು.

ಕಡೆಯ ದಿನ ಗೋಡೆಯ ತುದಿಯ ಮೂಲೆ ಖಾಲಿ ಉಳಿಯಿತು. ನಕ್ಷೆಯ ಪ್ರಕಾರ ಅಲ್ಲಿ ಬೇವಿನ ಗಿಡ ಇರಬೇಕು. ಎಲೆ ಬರೆಯಲು ಯಾರಿಗೂ ವ್ಯವಧಾನ ಇರಲಿಲ್ಲ. ಹಸಿವಾಗಿತ್ತು. ನಾನು ಇದ್ದಿಲು ತೆಗೆದುಕೊಂಡು ಬೆನ್ನು ತಿರುಗಿಸಿ ನಡೆದು ಹೋಗುತ್ತಿರುವ ಒಬ್ಬ ಹೆಂಗಸನ್ನು ಎಳೆದೆ, ಸೊಂಟದ ಮೇಲೆ ಕೊಡ. ಐದು ನಿಮಿಷವೂ ಹಿಡಿಯಲಿಲ್ಲ. ಬೆನ್ನು ಬರೆದರೆ ಕಣ್ಣು ಬರೆಯುವ ಕಷ್ಟ ಇಲ್ಲ, ಅಷ್ಟೇ ನನ್ನ ವಿಚಾರ. ಅಫಜಲಪುರದವನು ಹಸಿರು ಸೀರೆ ತುಂಬಿದ. ಯಡ್ರಾಮಿಯವನು ದೂರ ನಿಂತು ನೋಡಿ, "ಒಬ್ಬಾಕಿನ್ನs ಯಾಕ ಕಳಸ್ತೀರಿ? ಜೋಡಿಗಿ ಒಂದು ಕೂಸಿರ್ಲಿ," ಎಂದು ಹಿಂದೆ ಒಂದು ಸಣ್ಣ ಹುಡುಗಿಯನ್ನು ಬರೆದ. ಮಾಸ್ತರರು ಬಂದು ಸಿಟ್ಟಾದರು. ಅಕ್ಷರದ ಗೋಡೆಯ ಮೇಲೆ ನೀರಿಗೆ ಹೋಗುವ ಹುಡುಗಿಯೇ? ಅವರ ಸಮಾಧಾನಕ್ಕೆಂದು ಅವನು ಆ ಹುಡುಗಿಯ ಹೆಗಲಿಗೆ ಒಂದು ಪಾಟೀಚೀಲ ತೂಗುಹಾಕಿದ. ಕೈ ತೊಳೆದುಕೊಂಡು ಊಟಕ್ಕೆ ಹೋದೆವು. ನನಗೆ ಏನೂ ಅನ್ನಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ತಿಂಗಳ ನಂತರ ಅವ್ವ ನೆಲೋಗಿಗೆ ಹೊರಟಳು. ನಾನೂ ಜೊತೆಗಿದ್ದೆ. ನನ್ನ ಕೆಲಸ ನೋಡಬೇಕೆಂದು ಜೇವರ್ಗಿಯಲ್ಲಿ ಇಳಿದಳು. ಸೂರ್ಯ, ಹಲಗೆ, ಅಕ್ಷರ, ನಗುವ ಮುಖಗಳು, ಎಲ್ಲವನ್ನೂ "ಚಲೋ ಐತಿ, ಚಲೋ ಐತಿ" ಎನ್ನುತ್ತ, ಬೀಗರ ಮನೆಯ ಅಡಿಗೆ ಹೊಗಳುವಂತೆ ಹೊಗಳುತ್ತ ನಡೆದಳು. ಮೂಲೆಗೆ ಬಂದಾಗ ಮಾತು ನಿಂತಿತು. ಸೆರಗು ಬಾಯಿಗೆ ಹೋಯಿತು.

"ಎಡಗಡೀ ಸೊಂಟದ ಮ್ಯಾಲ ಕೊಡ ಇಟ್ಟಾಳ ನೋಡು," ಅಂದಳು. "ಬಲಗೈ ದೂರ ಚಾಚ್ಯಾಳ. ಅಕಿ ಹಂಗs ನಡೀತಿದ್ಲು. ಎಷ್ಟು ಬೈದ್ರೂ ಕೈ ಹಂಗs ಚಾಚ್ತಿದ್ಲು."

ನಾನು ನೋಡಿದೆ. ಅಕ್ಕನೇ. ಅವಳ ಹೆಗಲು, ಕೊಡದ ಭಾರಕ್ಕೆ ವಾಲಿದ ನಡು, ಹಿಮ್ಮಡಿ. ನನಗೆ ಗೊತ್ತಿದ್ದದ್ದು ಇದು. ದಿನಾ ಬೆಳಿಗ್ಗೆ ನಾನು ನೋಡುತ್ತ ನಡೆದದ್ದು ಅವಳ ಬೆನ್ನನ್ನೇ.

"ಹಿಂದಿನಾಕಿ ನೀ," ಅಂದಳು ಅವ್ವ. ಬೆರಳನ್ನು ಕೊಡದಿಂದ ಪಾಟೀಚೀಲಕ್ಕೆ ಸರಿಸಿ, "ಅಕಿ ನೀರಿಗಿ ಹ್ವಾದ್ಲು, ನೀ ಸಾಲಿಗಿ ಹ್ವಾದಿ," ಅಂದಳು. ಬೈಗುಳವೇನಲ್ಲ. ಇದ್ದದ್ದನ್ನು ಇದ್ದ ಹಾಗೆ ಅಂದದ್ದು.

ಅಂದಿನಿಂದ ಅವ್ವನಿಗೆ ತವರಿನ ಹುಚ್ಚು ಹಿಡಿಯಿತು. ಎರಡು ತಿಂಗಳಿಗೊಮ್ಮೆ ನೆಲೋಗಿಯ ನೆಪ. ಜೇವರ್ಗಿಯಲ್ಲಿ ಇಳಿದು, ಗೋಡೆಯ ಎದುರಿನ ಕಲ್ಲಿನ ಮೇಲೆ ಕೂತು, ಒಂದು ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋಗುತ್ತಿದ್ದಳು. ಚಹಾದ ಅಂಗಡಿಯವನಿಗೂ ಪರಿಚಯವಾದಳು. ನಾನು ಆ ಮೂಲೆಯನ್ನು ಕಾಗದದ ಮೇಲೆ ಬರೆದು ಅವಳಿಗೆ ಕೊಡೋಣವೆಂದು ನಾಲ್ಕೈದು ಸಲ ಕೂತೆ. ಬರಲಿಲ್ಲ. ಗೊತ್ತಿಲ್ಲದೆ ಬಂದದ್ದು ಗೊತ್ತಾದ ಮೇಲೆ ಬರಲೊಲ್ಲದು. ಆ ಹಸಿರು ಇನ್ನೊಬ್ಬನದು, ಆ ಹುಡುಗಿ ಮತ್ತೊಬ್ಬನದು. ಮೂರು ಕೈಗಳ ಕೆಲಸವನ್ನು ಒಂದೇ ಕೈ ಮಾಡಲು ಹೋಗಿ ಸೋತಿತು. ಯಡ್ರಾಮಿಯವನು ಅಷ್ಟರಲ್ಲಿ ಸೊಲ್ಲಾಪುರಕ್ಕೆ ಹೋಗಿ ಲಾರಿಗಳ ಮೇಲೆ ಹೆಸರು ಬರೆಯುವ ಕೆಲಸ ಹಿಡಿದಿದ್ದ. ಕಾರ್ಡು ಬರೆದೆ. ಉತ್ತರ ಬರಲಿಲ್ಲ.

ಇದಾಗಿ ಮೂರನೆಯ ವರ್ಷ ನನಗೆ ಅದೇ ಸಾಲಿಯಲ್ಲಿ ತಾತ್ಕಾಲಿಕ ಚಿತ್ರಕಲಾ ಶಿಕ್ಷಕಿಯ ಕೆಲಸ ಸಿಕ್ಕಿತು. ಜೇವರ್ಗಿಯಲ್ಲೇ ಒಂದು ಬಾಡಿಗೆ ಖೋಲಿ ಹಿಡಿದೆ. ದೀಪಾವಳಿಗೆ ಇನ್ನೂ ಇಪ್ಪತ್ತು ದಿನ ಇರುವಾಗ ಹೆಡ್ ಮಾಸ್ತರರು ಕರೆದು, ಗೋಡೆ ಮಾಸಿದೆ, ಸುಣ್ಣ ಹಚ್ಚಿಸಿ ಹೊಸ ಚಿತ್ರ ಬರೆಸಿರಿ ಅಂದರು. ಬೇಡ ಅನ್ನುವ ಧೈರ್ಯ ಆಗಲಿಲ್ಲ. ನೌಕರಿ ಹೊಸದು, ಕಾಯಂ ಆಗುವ ಆಸೆ. ಆ ಮೂಲೆಯೊಂದನ್ನು ಉಳಿಸಿಕೊಂಡರೆ ಸಾಕು ಎಂದು ನನ್ನಷ್ಟಕ್ಕೆ ನಾನೇ ಒಪ್ಪಂದ ಮಾಡಿಕೊಂಡೆ. ಸುಣ್ಣ ಹಚ್ಚಲು ಬಂದವಳು ಒಬ್ಬ ವಯಸ್ಸಾದ ಹೆಂಗಸು. ಮೂಲೆಯ ಹತ್ತಿರ ಕರೆದುಕೊಂಡು ಹೋಗಿ, ಇಲ್ಲಿಂದ ಇಲ್ಲಿಯವರೆಗೆ ಹಚ್ಚಬೇಡಿರಿ ಎಂದು ಇದ್ದಿಲಿನಿಂದ ಗೆರೆ ಎಳೆದು ತೋರಿಸಿದೆ. "ಯಾಕ್ರೀ ಬಾಯಾರ?" ಅಂದಳು. ಅಲ್ಲಿ ನಮ್ಮಕ್ಕ ಇದ್ದಾಳೆ ಎಂದು ಹೇಳಲು ನಾಚಿಕೆಯಾಯಿತು. "ಸುಮ್ನ ಬಿಡ್ರಿ," ಅಂದು ತರಗತಿಗೆ ಹೋದೆ.

ಸಂಜೆ ಬಂದು ನೋಡಿದರೆ ಗೋಡೆ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗೆ. ಮೂಲೆ ಉಳಿದ ಕಡೆಗಿಂತಲೂ ಬೆಳ್ಳಗೆ.

"ನೀವು ಬಿಡು ಅಂದ್ರಿ," ಅಂದಳು ಆ ಹೆಂಗಸು. "ಆದ್ರ ಬಾಯಾರ, ಹಬ್ಬದಾಗ ಗ್ವಾಡಿ ಹಂಗ ಬಿಟ್ರ ಸಾವಾದ ಮನಿ ಇದ್ದಂಗ. ನೀವು ಸಣ್ಣ ವಯಸ್ಸಿನವ್ರು, ತಿಳೀದ ಹೇಳೀರಿ ಅಂದ್ಕೊಂಡೆ. ಹುಡುಗ್ಯಾರು ಕಲಿಯೋ ಸಾಲಿ. ಅದಕ್ಕs ಅಲ್ಲಿ ಎರಡು ಕೈ ಜಾಸ್ತಿನ ಹಚ್ಚೇನಿ."

ಬೈಯಲು ಬಾಯಿ ತೆರೆದೆ. ಅವಳು ಸುಣ್ಣಕ್ಕೆ ಬಿರಿದ ಕೈಗಳನ್ನು ಎಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತಿದ್ದಳು, ನನ್ನಿಂದ ಒಂದು ಒಳ್ಳೆಯ ಮಾತು ಬರುತ್ತದೆಂದು ಕಾಯುತ್ತಿದ್ದಳು. "ಚಲೋ ಮಾಡಿದ್ರಿ," ಅಂದೆ. ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಕ್ಕ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ, ಆಗ ನಾನು ಸಣ್ಣವಳಿದ್ದೆ.

ಅವ್ವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇವತ್ತು ಕಾರ್ಡು ಬರೆಯೋಣ, ನಾಳೆ ಬರೆಯೋಣ ಎನ್ನುವುದರಲ್ಲೇ ಎರಡು ವಾರ ಹೋಯಿತು. ಆಮೇಲೆ ಚಹಾದ ಅಂಗಡಿಯವನು ಹೇಳಿದ, "ನಿಮ್ಮವ್ವಾರು ಮೊನ್ನಿ ಬಂದಿದ್ರಲ್ರಿ. ಆ ಕಲ್ಲಿನ ಮ್ಯಾಲ ಕುಂತಿದ್ರು. ಸುಣ್ಣದಾಕಿ ಬಂದು ಬಾಜೂಕ ಕುಂತು ಮಾತಾಡಿದ್ಲು. ಮುಂದಿನ ಬಸ್ಸೂ ಬಿಟ್ರು, ಅದರ ಮುಂದಿಂದೂ ಬಿಟ್ರು. ಆಮ್ಯಾಲ ನೆಲೋಗಿಗಿ ಹೋಗಲಾರದ ಹೊಳ್ಳಿ ಆಳಂದಕ್ಕs ಹ್ವಾದ್ರು." ನನ್ನ ಖೋಲಿ ಅಲ್ಲಿಂದ ಕೂಗಳತೆಯಲ್ಲಿತ್ತು. ಅವಳು ಬಂದಿರಲಿಲ್ಲ.

ದೀಪಾವಳಿಯ ಹಿಂದಿನ ದಿನ ಮಧ್ಯಾಹ್ನ ಆಳಂದಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳುವುದೆಂದು ಮಾತು ಜೋಡಿಸಿಕೊಂಡಿದ್ದೆ. ಹೊಸ್ತಿಲಲ್ಲೇ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಮೊಣಕೈವರೆಗೆ ಬಿಳಿ, ಬಾಜೂಕ್ಕೆ ಬಕೆಟ್ಟು. ಬಲಗಡೆಯ ಗೋಡೆ ಹಸಿಯಾಗಿತ್ತು.

ಸುಣ್ಣ ಹಸಿಯಿದ್ದಾಗ ಹಿಂದಿನದು ಕಾಣುತ್ತದೆ, ಒಣಗಿದ ಮೇಲೆಯೇ ಅದು ಮುಚ್ಚುವುದು. ಬಸ್ಸು ಇನ್ನೂ ಕಾಣುತ್ತಿತ್ತು. ನೀರಿನ ಹಿಂದೆ ಇದ್ದಂತೆ, ಕೆಂಪಗೆ. ಗಾಲಿ, ಗಂಟುಮೂಟೆ, ಏಳು ಮುಖ. ಆಗ ನನಗೆ ಹೊಳೆಯಿತು. ಅಕ್ಕನ ಕೈಯಿಂದ ಬಂದದ್ದು ಈ ಲೋಕದಲ್ಲಿ ಇದೊಂದೇ ಇತ್ತು. ಐದು ವರ್ಷ ಚಿತ್ರ ಕಲಿತ ನಾನು ದಿನಾ ಅದರ ಮುಂದೆ ಉಂಡೆ, ಮಲಗಿದೆ. ಒಂದು ದಿನವೂ ಕಾಗದ ತೆಗೆದು ಅದನ್ನು ಇಳಿಸಿಕೊಳ್ಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಚೀಲಕ್ಕೆ ಕೈ ಹಾಕಿ ಕಾಗದ, ಪೆನ್ಸಿಲು ತೆಗೆದೆ. ಅವ್ವ ಬಿಳಿ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು.

"ಬರೀಬ್ಯಾಡ. ಕುಂತು ನೋಡು."

ಕೂತೆ. "ಅವ್ವಾ, ಜೇವರ್ಗಿ ಗ್ವಾಡಿಗಿ ಸುಣ್ಣ ಹಚ್ಚಿಸಿದಾಕಿ ನಾನs," ಅಂದೆ. ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಇಷ್ಟೇ ಆಯಿತು.

"ಗೊತ್ತೈತಿ. ಸುಣ್ಣದಾಕಿ ಹೇಳಿದ್ಲು. ಹುಡುಗ್ಯಾರು ಇರೋ ಜಾಗಾದಾಗ ಸಾವು ಯಾಕ ಉಳಸಬೇಕಂದ್ಲು. ನಾ ವಿಚಾರ ಮಾಡಿದೆ. ಈ ಮನ್ಯಾಗೂ ಒಬ್ಬಾಕಿ ಹುಡುಗಿ ಇದ್ಲು. ಹದಿನೈದು ವರ್ಷ ಸಾವಿನ ಗ್ವಾಡಿ ಮುಂದ ನಿನಗ ಉಣ್ಣಾಕ ಹಾಕೇನಿ."

ಬಿಸಿಲು ಬಾಗಿಲಿನಿಂದ ಒಳಗೆ ಬರುತ್ತಿತ್ತು. ಗೋಡೆ ಮೇಲಿನಿಂದ ಒಣಗುತ್ತ ಬಂತು. ಮೊದಲು ಗಂಟುಮೂಟೆ ಹೋದವು, ಆಮೇಲೆ ಕಿಟಕಿಗಳ ಗೆರೆ, ಆಮೇಲೆ ಗಾಲಿ. ಇಬ್ಬರೂ ಒಂದು ಚಹಾ ಕೂಡ ಮಾಡಿಕೊಳ್ಳದೆ ಕೂತಿದ್ದೆವು. ಅಪ್ಪ ಮಿಲ್ಲಿನಿಂದ ಬಂದವನು ಗೋಡೆ ನೋಡಿ, ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೊರಗೆ ಹೋದ. ದೀಪ ಹಚ್ಚುವ ಹೊತ್ತಿಗೆ ಅವ್ವ ಎದ್ದು ಇನ್ನೊಂದು ಕೈ ಸುಣ್ಣ ಹಚ್ಚಿ ಮುಗಿಸಿದಳು.

ಬೆಳಿಗ್ಗೆ ಎದ್ದಾಗ ಗೋಡೆ ಪೂರ್ತಿ ಬೆಳ್ಳಗಿತ್ತು. ನಡುವೆ ಒಂದು ಸಾಲಿನಲ್ಲಿ, ಎರಡೆರಡರ ಜೋಡಿಯಾಗಿ, ಹದಿನಾಲ್ಕು ಚುಕ್ಕೆ. ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಸುಣ್ಣ ಹಿಡಿದಿರಲಿಲ್ಲ. ಬಸ್ಸಿಲ್ಲ, ಮುಖಗಳಿಲ್ಲ. ನಾನು ಇಟ್ಟ ಕಣ್ಣುಗಳಷ್ಟೇ ಇದ್ದವು.

ಅವ್ವ ಬಕೆಟ್ಟು ಹಿಡಿದುಕೊಂಡು ಬಂದವಳು ನಿಂತಳು. "ಇನ್ನೊಂದು ಕೈ ಹಚ್ಚಲೇನು?"

"ಎಣ್ಣಿ ಮಸಿ ಅದು," ಅಂದೆ. "ಹೋಗಂಗಿಲ್ಲ."

ಬಕೆಟ್ಟು ಕೆಳಗಿಟ್ಟು ಹತ್ತಿರ ಹೋದಳು. ಮೊದಲ ಕಿಟಕಿ ಇದ್ದ ಜಾಗದ ಮುಂದೆ ನಿಂತು, ಮುಖ ಗೋಡೆಗೆ ತಾಗುವಷ್ಟು ಬಗ್ಗಿದಳು.

"ಒಂದು ದೊಡ್ಡದು, ಒಂದು ಸಣ್ಣದು," ಅಂದಳು. "ಹೌದು. ಅಕೀದು ಎಡಗಣ್ಣು ಜರಾ ದೊಡ್ಡದಿತ್ತು. ಖರೇನ ಹಿಂಗs ಇದ್ವು."

ಅದು ಖರೆಯೋ ಎಂದು ನಾನು ಕೇಳಲಿಲ್ಲ. ನನ್ನ ಹತ್ತಿರ ಕಣ್ಣು ತೆರೆಸಿಕೊಂಡು ಹೋದವರೆಲ್ಲರೂ ಹಾಗೇ ಅನ್ನುತ್ತಿದ್ದರು.